ಯುರೋಪನ್ನು ನಂಬದ ಸದಸ್ಯರು ಐರೋಪ್ಯ ಸಂಸತ್ತಿನ ಸಮಿತಿಯಲ್ಲಿ ಕೆಲಸ ಮಾಡುವ ಬಗೆ

ಬ್ರಸೆಲ್ಸ್‌ನ (ಅಂದರೆ ಐರೋಪ್ಯ ಒಕ್ಕೂಟದ) ಅಧಿಕಾರ ಅತಿಯಾಯಿತು ಎಂದು ಹೇಳಿಯೇ ಗೆದ್ದು ಬಂದವರಲ್ಲಿ ಬಹಳಷ್ಟು ಮಂದಿ ಸ್ಟ್ರಾಸ್‌ಬರ್ಗ್‌ನ ಪೂರ್ಣ ಅಧಿವೇಶನದಲ್ಲಿ ಸಿಕ್ಕ ಒಂದು ನಿಮಿಷ ಗುಡುಗುತ್ತಾರೆ, ವಿಡಿಯೋ ಊರಿಗೆ ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಮಸೂದೆಯ ಒಂದು ಅಕ್ಷರವೂ ಅಲುಗುವುದಿಲ್ಲ. ಅದು ತಿಂಗಳುಗಳ ಹಿಂದೆಯೇ ಬ್ರಸೆಲ್ಸ್‌ನ ಸಮಿತಿ ಕೋಣೆಯಲ್ಲಿ ಕುದುರಿಹೋಗಿರುತ್ತದೆ. ಸಮಿತಿಯನ್ನು ನಂಬದವರೇ ಅಲ್ಲಿ ಹೆಚ್ಚು ಹೊತ್ತು ಕೂರಬೇಕು.

ಮೊದಲ ಕೆಲಸ, ಕಡತದ ಸಂಖ್ಯೆ ಹಿಡಿಯುವುದು. ಉದಾಹರಣೆಗೆ, ಹಾಳಾದ ನಿಸರ್ಗವನ್ನು ಮತ್ತೆ ಸರಿಪಡಿಸಲು ಒಕ್ಕೂಟ ತಂದ ನಿಸರ್ಗ ಪುನಶ್ಚೇತನ ಕಾನೂನಿನದ್ದು 2022/0195. ಸಂಸತ್ತಿನ ಶಾಸನ ವೀಕ್ಷಣಾಲಯ ಎಂಬ ಜಾಲತಾಣದಲ್ಲಿ ಈ ಸಂಖ್ಯೆ ಹಾಕಿದರೆ ಯಾವ ಸಮಿತಿ, ಯಾರು ರಾಪೋರ್ಟರ್, ಯಾವ ರಾಜಕೀಯ ಗುಂಪಿನಿಂದ ಯಾರು ಶ್ಯಾಡೋ ರಾಪೋರ್ಟರ್ ಎಂಬುದೆಲ್ಲ ಸಿಗುತ್ತದೆ. ಕರಡು ವರದಿ ಬರೆಯುವವರು ರಾಪೋರ್ಟರ್. ಅದೇ ಕಡತದ ಮೇಲೆ ಉಳಿದ ಗುಂಪುಗಳ ಪರವಾಗಿ ಕಣ್ಣಿಡುವವರು ಶ್ಯಾಡೋಗಳು. ಸಮಿತಿಯ ವೇಳಾಪಟ್ಟಿಯಿಂದ ತಿದ್ದುಪಡಿ ಸಲ್ಲಿಸುವ ಕೊನೆಯ ದಿನಾಂಕವನ್ನು ಗುರುತು ಹಾಕಿಕೊಳ್ಳಿ. ಅದು ದಾಟಿದ ಮೇಲೆ ಎಷ್ಟೇ ಒಳ್ಳೆಯ ವಾದ ಇದ್ದರೂ ಅದನ್ನು ಬರೆದು ಕೊಡಲು ಕಾಗದವೇ ಇರುವುದಿಲ್ಲ.

ವರದಿಗಳನ್ನು ಗುಂಪುಗಳ ನಡುವೆ ಅಂಕಗಳ ಲೆಕ್ಕದಲ್ಲಿ ಹಂಚುತ್ತಾರೆ, ಹರಾಜಿನ ಹಾಗೆ. ದೊಡ್ಡ ಗುಂಪಿಗೆ ಹೆಚ್ಚು ಅಂಕ. ಈ ಮಾತುಕತೆ ನಡೆಸುವವರು ಪ್ರತಿ ಗುಂಪಿನ ಸಂಯೋಜಕರು. ಯಾವ ಗುಂಪಿಗೂ ಸೇರದವರಿಗೆ ಸಂಯೋಜಕರೇ ಇಲ್ಲ, ಹಾಗಾಗಿ ಒಂಟಿಯಾಗಿರುವುದು ನೋಡಲು ಧೈರ್ಯದ ಹಾಗೆ ಕಂಡರೂ ಕೆಲಸಕ್ಕೆ ಬಾರದು. ಗುಂಪು ಕಟ್ಟಲು ಕನಿಷ್ಠ 7 ದೇಶಗಳಿಂದ 23 ಸದಸ್ಯರು ಬೇಕು. ಗುಂಪಿದ್ದರೆ ಶ್ಯಾಡೋ ಸ್ಥಾನ ಕೇಳಿ ಪಡೆಯಿರಿ. ಶ್ಯಾಡೋಗಳ ಸಭೆಗೆ ಕರೆ ಬರದಿದ್ದರೆ ಲಿಖಿತವಾಗಿ ಕೇಳಿ, ಉತ್ತರವನ್ನು ಕಡತದಲ್ಲಿಡಿ.

ತಿದ್ದುಪಡಿ ಪತ್ರಕ್ಕೆ ಎರಡು ಅಂಕಣ: ಎಡಕ್ಕೆ ಮಸೂದೆ ಮಂಡಿಸುವ ಐರೋಪ್ಯ ಆಯೋಗದ ಮೂಲ ಪಠ್ಯ, ಬಲಕ್ಕೆ ನಿಮ್ಮದು. ಬದಲಾದ ಪದಗಳು ದಪ್ಪ ಓರೆ ಅಕ್ಷರದಲ್ಲಿ. ಒಂದು ಪತ್ರಕ್ಕೆ ಒಂದೇ ವಿಷಯ. ‘ಇಡೀ ವಿಧಿ ಅಳಿಸಿ’ ಎಂಬ ತಿದ್ದುಪಡಿ ಮತಪಟ್ಟಿಯಲ್ಲಿ ಕೈ ಎತ್ತುವಷ್ಟರಲ್ಲಿ ಸತ್ತಿರುತ್ತದೆ. ವ್ಯಾಖ್ಯೆಗಳು, ಜಾರಿಯ ದಿನಾಂಕ, ಆಯೋಗಕ್ಕೆ ಮುಂದೆ ನಿಯಮ ಬರೆಯುವ ಅಧಿಕಾರ ಕೊಡುವ ಸಾಲು, ಈ ಮೂರು ಕಡೆ ಪೆನ್ಸಿಲ್ ಇಟ್ಟು ಓದಿ. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಹಾಗೆ ಕೊಟ್ಟ ಅಧಿಕಾರದಡಿ ಬರುವ ನಿಯಮವನ್ನು ಸಂಸತ್ತು ತಡೆಯಬೇಕೆಂದರೆ ಹಾಜರಿದ್ದವರ ಬಹುಮತ ಸಾಲದು; ಒಟ್ಟು 720 ಸದಸ್ಯರಲ್ಲಿ 361 ಮತ ಬೇಕು. ಜಾರಿ ಕ್ರಮ ಎಂಬ ಇನ್ನೊಂದು ಬಗೆಯ ನಿಯಮವನ್ನಂತೂ ಸಂಸತ್ತು ತಡೆಯಲಾರದು.

ಸೋಲುವುದು ಸಾಮಾನ್ಯವಾಗಿ ರಾಜಿ ತಿದ್ದುಪಡಿಯ ಹಂತದಲ್ಲಿ. ದೊಡ್ಡ ಗುಂಪುಗಳು ಸೇರಿ ಒಂದು ರಾಜಿ ಪಠ್ಯ ಬರೆಯುತ್ತವೆ. ಅದರ ತಲೆಯಲ್ಲೇ ‘ಇದು ಇಂತಿಂಥ ತಿದ್ದುಪಡಿಗಳನ್ನು ಒಳಗೊಂಡಿದೆ’ ಎಂಬ ಸಂಖ್ಯೆಗಳ ಸಾಲು ಇರುತ್ತದೆ. ರಾಜಿ ಮೊದಲು ಮತಕ್ಕೆ ಬರುತ್ತದೆ. ಅದು ಗೆದ್ದರೆ ಆ ಸಾಲಿನಲ್ಲಿರುವುದೆಲ್ಲ ತಾನಾಗಿ ಬಿದ್ದುಹೋಗುತ್ತದೆ, ಮತವೇ ನಡೆಯುವುದಿಲ್ಲ. ನಿಮ್ಮ ಸಂಖ್ಯೆ ಅಲ್ಲಿದ್ದು ನಿಮ್ಮ ಮಾತು ರಾಜಿಯಲ್ಲಿ ಇಲ್ಲದಿದ್ದರೆ, ಪ್ರತ್ಯೇಕ ಮತ ಬೇಕೆಂದು ಮೊದಲೇ ಪಟ್ಟು ಹಿಡಿಯಬೇಕು. ನಿಮ್ಮನ್ನು ಸಮಾಧಾನಪಡಿಸಲು ಪೀಠಿಕೆಯಲ್ಲಿ ಒಂದು ಸಾಲು ಸೇರಿಸುವುದು ಹಳೆಯ ಉಪಾಯ. ಪೀಠಿಕೆ ಯಾರನ್ನೂ ಕಟ್ಟಿಹಾಕುವುದಿಲ್ಲ; ಬೇಕಾದ್ದು ವಿಧಿಯೊಳಗೆ ಬರಬೇಕು.

ಮತದ ದಿನ ಎಣಿಕೆ ಕಲಿತಿರಬೇಕು. ಸಮಬಲವಾದರೆ ಸಾಮಾನ್ಯವಾಗಿ ಮಂಡಿಸಿದ್ದು ಬೀಳುತ್ತದೆ, ಅದು ಯಾರದ್ದೇ ಆಗಿರಲಿ. 2023ರ ಜೂನ್ 15ರಂದು ಪರಿಸರ ಸಮಿತಿಯಲ್ಲಿ ನಿಸರ್ಗ ಕಾನೂನನ್ನು ತಿರಸ್ಕರಿಸಬೇಕೆಂಬ ಸೂಚನೆಗೆ 44 ಪರ, 44 ವಿರೋಧ. ಸೂಚನೆ ಬಿತ್ತು. ಜೂನ್ 27ರಂದು ತಿದ್ದಿದ ಕಾನೂನಿಗೇ 44–44. ಅದೂ ಬಿತ್ತು. ಹನ್ನೆರಡೇ ದಿನದಲ್ಲಿ ಅದೇ ಅಂಕಿ ಎರಡೂ ಕಡೆಗೆ ಕೆಲಸ ಮಾಡಿತು. ನಿಮ್ಮ ಕಡೆಯ ಒಬ್ಬ ಸದಸ್ಯ ವಿಮಾನ ತಪ್ಪಿಸಿಕೊಂಡರೆ ಏನಾಗುತ್ತದೆ ಎಂದು ಇದರಿಂದ ಲೆಕ್ಕ ಹಾಕಿ. ಬದಲಿ ಸದಸ್ಯರನ್ನು ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಿ.

ಸಮಿತಿ ಗೆದ್ದ ಪಠ್ಯ ಹಿಡಿದು ಸದಸ್ಯ ದೇಶಗಳ ಸಚಿವರ ಕೌನ್ಸಿಲ್ ಜೊತೆ ಟ್ರೈಲಾಗ್ ಎಂಬ ಮೂರು ಸಂಸ್ಥೆಗಳ ಮಾತುಕತೆಗೆ ಹೊರಟರೆ, ಅಧಿವೇಶನದ ಆರಂಭದಲ್ಲಿ ಅದನ್ನು ಘೋಷಿಸುತ್ತಾರೆ. ಮರುದಿನ ಮುಗಿಯುವುದರೊಳಗೆ ಹತ್ತನೇ ಒಂದು ಭಾಗ, ಅಂದರೆ 72 ಸದಸ್ಯರು ಆಕ್ಷೇಪಿಸಿದರೆ ಮಾತ್ರ ಮತಕ್ಕೆ ಬರುತ್ತದೆ. ಸಹಿ ಸಂಗ್ರಹ ಘೋಷಣೆಯ ನಂತರ ಶುರುವಾದರೆ ತಡವಾಯಿತು.

ಟ್ರೈಲಾಗ್ ಬಾಗಿಲು ಮುಚ್ಚಿ ನಡೆಯುತ್ತದೆ. ಕಾಗದಕ್ಕೆ ನಾಲ್ಕು ಅಂಕಣ: ಆಯೋಗ, ಸಂಸತ್ತು, ಕೌನ್ಸಿಲ್, ಕೊನೆಯದು ಒಪ್ಪಂದದ ಪಠ್ಯ. ಆ ನಾಲ್ಕನೆಯ ಅಂಕಣವನ್ನು ಸಾರಾಸಗಟಾಗಿ ಮುಚ್ಚಿಡುವಂತಿಲ್ಲ ಎಂದು ಯುರೋಪಿನ ಜನರಲ್ ಕೋರ್ಟ್ 2018ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿದೆ. ಅದನ್ನು ಕೇಳಿ ಪಡೆದು ಎರಡನೆಯ ಅಂಕಣದ ಪಕ್ಕ ಇಟ್ಟು ಓದಿ. ಸಮಿತಿಯಲ್ಲಿ ಬಿದ್ದಿದ್ದ ನಿಸರ್ಗ ಕಾನೂನು 2023ರ ಜುಲೈ 12ರಂದು ಪೂರ್ಣ ಅಧಿವೇಶನದಲ್ಲಿ 336–300 ಮತಗಳಿಂದ ಬದುಕಿತು, ಆದರೆ ಕೃಷಿ ಭೂಮಿಯ ಕುರಿತ 9ನೇ ವಿಧಿಯನ್ನು ಅಲ್ಲಿ ಕಿತ್ತುಹಾಕಿದ್ದರು. ಟ್ರೈಲಾಗ್ ಮುಗಿದಾಗ ಆ ವಿಷಯ ಬದಲಾದ ರೂಪದಲ್ಲಿ ಮತ್ತೆ ಒಳಗಿತ್ತು. 2024ರ ಕಾನೂನಿನಲ್ಲಿ ಅದು 11ನೇ ವಿಧಿ.