ಬಾರ್ ಒಳಗಿನ ಗಾಳಿಗೆ ಫಿಲ್ಟರ್: ಲೆಕ್ಕ, ಜಾಗ, ಜೋಡಣೆ, ನಿರ್ವಹಣೆ

ಏರ್ ಪ್ಯೂರಿಫೈಯರ್ ತಂದಿಟ್ಟು ತಿಂಗಳಾದರೂ ಬಾರ್‌ನಲ್ಲಿ ಹೊಗೆ, ಘಾಟು ಇದ್ದ ಹಾಗೇ ಇದೆ ಎಂದಾದರೆ ಯಂತ್ರ ಕೆಟ್ಟಿರುವುದು ಅಪರೂಪ. ಬಹುಪಾಲು ಅದು ಆ ಜಾಗಕ್ಕೆ ಸಾಲದು. ಮಲಗುವ ಕೋಣೆಗೆಂದು ಮಾಡಿದ ಯಂತ್ರವನ್ನು ಎಂಬತ್ತು ಜನ ಕೂರುವ ಹಾಲ್‌ನ ಮೂಲೆಯಲ್ಲಿಟ್ಟರೆ ಅದು ತನ್ನ ಸುತ್ತಲಿನ ಎರಡು ಮೇಜಿನ ಗಾಳಿಯನ್ನೇ ಮತ್ತೆ ಮತ್ತೆ ಸೋಸುತ್ತಿರುತ್ತದೆ. ಹಾಗಾಗಿ ಬ್ರ್ಯಾಂಡ್ ನೋಡುವ ಮೊದಲು ಟೇಪ್ ಹಿಡಿದು ಹಾಲ್ ಅಳೆಯಿರಿ.

ಯಾವುದನ್ನು ಯಾವುದು ಹಿಡಿಯುತ್ತದೆ

ಸಿಗರೇಟ್ ಹೊಗೆಯ ಕಣಗಳಲ್ಲಿ ಹೆಚ್ಚಿನವು 1 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಸಣ್ಣವು. ಮೇಣದಬತ್ತಿಯ ಮಸಿಯೂ ಅಷ್ಟೇ. ಇವುಗಳಿಗೆ ಹೆಪಾ, ಅಂದರೆ ಅತಿಸಣ್ಣ ಕಣ ಹಿಡಿಯುವ ದಟ್ಟ ನಾರಿನ ಫಿಲ್ಟರ್ ಬೇಕು. ನಿಜವಾದ ಹೆಪಾ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುತ್ತದೆ, ‘ಹೆಪಾ ಮಾದರಿ’ ಎಂದು ಬರೆದದ್ದಕ್ಕೆ ಆ ಖಾತರಿ ಇಲ್ಲ. ಡಕ್ಟ್ (ಗಾಳಿಯ ಕೊಳವೆ) ಇರುವ ಎ.ಸಿ.ಗೆ ಹಾಕುವ ಮರ್ವ್ 13 (ಮರ್ವ್ ಎಂಬುದು ಫಿಲ್ಟರ್ ಕಣ ಹಿಡಿಯುವ ಸಾಮರ್ಥ್ಯದ ದರ್ಜೆ) ಫಿಲ್ಟರ್ 0.3ರಿಂದ 1 ಮೈಕ್ರಾನ್‌ವರೆಗಿನ ಕಣಗಳಲ್ಲಿ ಕನಿಷ್ಠ ಅರ್ಧದಷ್ಟನ್ನು, 1ರಿಂದ 3 ಮೈಕ್ರಾನ್‌ವರೆಗಿನವುಗಳಲ್ಲಿ ಶೇ 85ರಷ್ಟನ್ನು ಒಂದೇ ಸುತ್ತಿನಲ್ಲಿ ತಡೆಯುತ್ತದೆ. ಗಾಳಿ ಗಂಟೆಗೆ ಹಲವು ಸಲ ಅದರ ಮೂಲಕ ಹಾಯುವುದರಿಂದ ಇದೂ ಕಡಿಮೆಯೇನಲ್ಲ.

ವಾಸನೆ ಕಣವಲ್ಲ, ಅನಿಲ. ಹೆಪಾದೊಳಗಿಂದ ಅದು ನಿರಾತಂಕವಾಗಿ ಹೊರಬೀಳುತ್ತದೆ. ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಅನಿಲವನ್ನು ಹೀರಿಕೊಳ್ಳುವ ಸಂಸ್ಕರಿಸಿದ ಇದ್ದಿಲು ಇರಬೇಕು. ಇನ್ನು ಜನರ ಉಸಿರಿನ ಕಾರ್ಬನ್ ಡೈಆಕ್ಸೈಡ್, ಒಲೆ-ಹೀಟರ್‌ಗಳ ಕಾರ್ಬನ್ ಮಾನಾಕ್ಸೈಡ್ ಇವೆರಡನ್ನೂ ಹೆಪಾ, ಕಾರ್ಬನ್ ಎರಡೂ ಹಿಡಿಯಲಾರವು. ಅವಕ್ಕೆ ಹೊರಗಿನ ಗಾಳಿಯೇ ಮದ್ದು.

ಒಳಗೆ ಸಿಗರೇಟ್ ಸೇದಲು ಬಿಟ್ಟು ಫಿಲ್ಟರ್‌ನಿಂದ ಸರಿಪಡಿಸುತ್ತೇವೆ ಎನ್ನುವವರಿಗೆ ಒಂದು ಮಾತು. ಬೇರೆಯವರು ಸೇದಿದ ಹೊಗೆಗೆ ಅಪಾಯವಿಲ್ಲದ ಮಟ್ಟ ಎಂಬುದೇ ಇಲ್ಲ; ಗಾಳಿ ಸೋಸುವುದರಿಂದಾಗಲಿ ಹೊರಹಾಕುವುದರಿಂದಾಗಲಿ ಅಪಾಯ ಪೂರ್ತಿ ಹೋಗದು ಎಂದು ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ 2006ರ ವರದಿ ಸ್ಪಷ್ಟವಾಗಿ ಹೇಳಿದೆ. ಐರ್ಲೆಂಡ್ 2004ರಲ್ಲೇ ಪಬ್‌ಗಳೊಳಗೆ ಧೂಮಪಾನ ನಿಲ್ಲಿಸಿತು. ಸೇದುವ ಜಾಗವನ್ನು ಹೊರಗೆ, ಬಾಗಿಲಿನಿಂದಲೂ ಎ.ಸಿ. ಗಾಳಿ ಎಳೆಯುವ ಜಾಗದಿಂದಲೂ ದೂರ ಇಡುವುದೇ ಎಲ್ಲಕ್ಕಿಂತ ದೊಡ್ಡ ಸುಧಾರಣೆ.

ಎಷ್ಟು ಯಂತ್ರ ಬೇಕು

ನೋಡಬೇಕಾದ ಅಂಕಿ ಸಿಎಡಿಆರ್, ಅಂದರೆ ಯಂತ್ರ ಗಂಟೆಗೆ ಕೊಡುವ ಶುದ್ಧ ಗಾಳಿಯ ಪ್ರಮಾಣ. ಡಬ್ಬದ ಮೇಲೆ ಅಚ್ಚಾಗಿರುವ ‘ಇಷ್ಟು ಚದರ ಅಡಿಗೆ ಸಾಕು’ ಎಂಬ ಮಾತನ್ನು ಬಿಟ್ಟುಬಿಡಿ. ಗಾಳಿ ಗಂಟೆಗೆ ಎಷ್ಟು ಸಲ ಸೋಸಲ್ಪಡುತ್ತದೆ ಎಂದು ಹೇಳದ ಚದರ ಅಡಿಗೆ ಅರ್ಥವಿಲ್ಲ.

12 ಮೀಟರ್ ಉದ್ದ, 8 ಮೀಟರ್ ಅಗಲ, 3 ಮೀಟರ್ ಎತ್ತರದ ಹಾಲ್ ಎಂದರೆ 288 ಘನ ಮೀಟರ್ ಗಾಳಿ. ಬಾರ್‌ಗೆ ಗಂಟೆಗೆ 6 ಸಲವಾದರೂ ಸೋಸಬೇಕು ಎಂದಿಟ್ಟುಕೊಂಡರೆ 288ನ್ನು 6ರಿಂದ ಗುಣಿಸಿ: ಗಂಟೆಗೆ 1,728 ಘನ ಮೀಟರ್. ಗಂಟೆಗೆ 500 ಘನ ಮೀಟರ್ ಸಿಎಡಿಆರ್ ಇರುವ ಯಂತ್ರ ನಾಲ್ಕು ಸಾಕು ಎಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಆ 500 ಎಂಬುದು ಫ್ಯಾನ್ ಪೂರ್ತಿ ವೇಗದಲ್ಲಿ ಓಡುವಾಗಿನ ಅಂಕಿ. ಸದ್ದು ತಾಳಲಾರದೆ ಯಾರೋ ಮಧ್ಯದ ವೇಗಕ್ಕೆ ಇಳಿಸುತ್ತಾರೆ, ಆಗ ಅದು 300ರ ಹತ್ತಿರ ಬರುತ್ತದೆ. ಲೆಕ್ಕವನ್ನು ಆ 300ರಿಂದಲೇ ಹಾಕಿ. ಆರು ಯಂತ್ರ ಬೇಕಾಗುತ್ತದೆ. ಅಂಕಿ ಸಿಎಫ್ಎಂನಲ್ಲಿದ್ದರೆ (ನಿಮಿಷಕ್ಕೆ ಘನ ಅಡಿ) 1.7ರಿಂದ ಗುಣಿಸಿದರೆ ಗಂಟೆಗೆ ಘನ ಮೀಟರ್ ಸಿಗುತ್ತದೆ.

ಒಂದೇ ದೈತ್ಯ ಯಂತ್ರಕ್ಕಿಂತ ಹಂಚಿಟ್ಟ ನಾಲ್ಕಾರು ಮೇಲು. ಒಂದು ಕೆಟ್ಟರೂ ಉಳಿದವು ನಡೆಯುತ್ತವೆ, ಹೊಗೆ ಎದ್ದ ಜಾಗದ ಹತ್ತಿರ ಯಾವುದಾದರೂ ಒಂದು ಇದ್ದೇ ಇರುತ್ತದೆ.

ಹೊರಗಿನ ಗಾಳಿಯ ಲೆಕ್ಕ ಬೇರೆ. ಅಮೆರಿಕದ ಎ.ಸಿ. ಎಂಜಿನಿಯರುಗಳ ಸಂಘ ಆಶ್ರೇಯ 62.1 ಮಾನದಂಡ ಬಾರ್‌ಗಳಿಗೆ ತಲಾ ಸೆಕೆಂಡಿಗೆ 3.8 ಲೀಟರ್, ಜೊತೆಗೆ ಪ್ರತಿ ಚದರ ಮೀಟರ್ ನೆಲಕ್ಕೆ 0.9 ಲೀಟರ್ ಕೇಳುತ್ತದೆ. ಮೇಲಿನ ಹಾಲ್‌ನಲ್ಲಿ 80 ಜನರಿದ್ದರೆ ಸೆಕೆಂಡಿಗೆ ಸುಮಾರು 390 ಲೀಟರ್, ಅಂದರೆ ಗಂಟೆಗೆ 1,400 ಘನ ಮೀಟರ್. ಇದು ಕನಿಷ್ಠ ಮಟ್ಟ, ಅದೂ ಒಳಗೆ ಯಾರೂ ಸೇದುವುದಿಲ್ಲ ಎಂಬ ಲೆಕ್ಕದಲ್ಲಿ. ಇಷ್ಟನ್ನು ಎಕ್ಸಾಸ್ಟ್ ಫ್ಯಾನ್ ಹೊರಗೆ ಎಸೆದರೆ ಸಾಲದು, ಅಷ್ಟೇ ಗಾಳಿ ಒಳಬರಲು ದಾರಿಯೂ ಇರಬೇಕು. ದಾರಿ ಇಲ್ಲದಿದ್ದರೆ ಬಾಗಿಲು ಎಳೆದರೂ ತೆರೆಯದು, ಶೌಚಾಲಯದ ವಾಸನೆ ಹಾಲ್‌ಗೆ ನುಗ್ಗುತ್ತದೆ, ಗ್ಯಾಸ್ ಹೀಟರ್ ಇದ್ದರೆ ಅದರ ಹೊಗೆ ಚಿಮಣಿಯಿಂದ ಹಿಂದಕ್ಕೆ ಬರುತ್ತದೆ. ಪರೀಕ್ಷೆ ಸುಲಭ: ಟಿಶ್ಯೂ ಕಾಗದದ ಒಂದು ಎಳೆಯನ್ನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಹಿಡಿಯಿರಿ. ಎಳೆ ಅಡುಗೆಮನೆಯ ಕಡೆಗೆ ಬಾಗಬೇಕು. ಶೌಚಾಲಯದ ಬಾಗಿಲಲ್ಲೂ ಹಾಗೇ, ಒಳಮುಖವಾಗಿ. ಹಾಲ್ ಕಡೆಗೆ ಬಾಗಿದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಫಿಲ್ಟರ್ ಮಾತು.

ಕಾರ್ಬನ್ ಕೊಳ್ಳುವಾಗ

ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಕಪ್ಪು ಪುಡಿ ಲೇಪಿಸಿದ ತೆಳ್ಳನೆಯ ಸ್ಪಂಜಿನ ಹಾಳೆಯಲ್ಲಿ ಕಾರ್ಬನ್ ಕೆಲವೇ ಗ್ರಾಂ ಇರುತ್ತದೆ. ಗದ್ದಲದ ಬಾರ್‌ನಲ್ಲಿ ಅದು ಬಹಳ ಬೇಗ ತುಂಬಿಹೋಗುತ್ತದೆ. ಕೈಯಲ್ಲಿ ಅಲುಗಿಸಿದರೆ ಹರಳುಗಳು ಸದ್ದು ಮಾಡುವ, ಕಿಲೋ ಲೆಕ್ಕದಲ್ಲಿ ತೂಗುವ ತಟ್ಟೆ ಇರುವ ಯಂತ್ರ ಕೇಳಿ, ತೂಕ ಎಷ್ಟೆಂದು ಲಿಖಿತವಾಗಿ ಪಡೆಯಿರಿ. ತುಂಬಿಹೋದ ಕಾರ್ಬನ್ ಸುಮ್ಮನಿರುವುದಿಲ್ಲ, ಸೆಕೆ ಮತ್ತು ತೇವ ಏರಿದ ದಿನ ಹಿಡಿದದ್ದನ್ನೇ ವಾಪಸು ಬಿಡುತ್ತದೆ. ಬೆಳಗ್ಗೆ ಖಾಲಿ ಹಾಲ್‌ನಲ್ಲಿ ಯಂತ್ರ ಹಾಕಿ ಗಾಳಿ ಹೊರಬರುವ ಜಾಗದಲ್ಲಿ ಮೂಗಿಟ್ಟು ನೋಡಿ. ಹಳೆಯ ಸಿಗರೇಟಿನ ಕಮಟು ಬಂದರೆ ಕಾರ್ಬನ್ ಆಯುಷ್ಯ ಮುಗಿದಿದೆ.

ಓಝೋನ್ ಬಿಡುವ ಯಂತ್ರವನ್ನು ಯಾರು ಹೇಳಿದರೂ ತರಬೇಡಿ. ಓಝೋನ್ ತಾನೇ ಶ್ವಾಸಕೋಶವನ್ನು ಕೆರಳಿಸುತ್ತದೆ. ಅದರ ಮೇಲೆ ಬಾರ್ ಕೌಂಟರ್‌ನಲ್ಲಿ ದಿನವಿಡೀ ನಿಂಬೆ, ಕಿತ್ತಳೆ ಕತ್ತರಿಸುತ್ತಿರುತ್ತಾರೆ. ಸಿಪ್ಪೆ ಹಿಂಡಿದಾಗ ಚಿಮ್ಮುವ ಎಣ್ಣೆಯಲ್ಲಿರುವ ಲಿಮೋನೀನ್ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಮತ್ತು ಅತಿಸಣ್ಣ ಕಣಗಳನ್ನು ಹುಟ್ಟಿಸುತ್ತದೆ. ನಿಂಬೆ ಪರಿಮಳದ ನೆಲ ಒರೆಸುವ ದ್ರವಕ್ಕೂ ಇದೇ ಮಾತು. ಪ್ಯೂರಿಫೈಯರ್‌ನಲ್ಲಿ ಅಯಾನೈಸರ್ ಬಟನ್ ಇದ್ದರೆ ಆಫ್ ಮಾಡಿಡಿ, ಅದೂ ಓಝೋನ್ ಬಿಡಬಹುದು.

ಇಡುವುದು, ಜೋಡಿಸುವುದು

1. ಗಾಳಿ ಎಳೆಯುವ ಬದಿ ಗೋಡೆಯಿಂದ, ಸೋಫಾದಿಂದ ಅರ್ಧ ಮೀಟರ್ ದೂರ ಇರಲಿ. ಪರದೆಯ ಹಿಂದೆ, ಕೌಂಟರ್ ಕೆಳಗೆ ಅಡಗಿಸಿದರೆ ಯಂತ್ರ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆಯುತ್ತದೆ.

2. ಜನ ಒತ್ತಾಗಿ ನಿಲ್ಲುವ ಜಾಗದ ಹತ್ತಿರ ಇಡಿ. ಹೊರಬರುವ ಗಾಳಿ ಮೇಲಕ್ಕೆ ಹೋಗಲಿ, ಒಬ್ಬರನ್ನು ದಾಟಿ ಇನ್ನೊಬ್ಬರ ಮುಖಕ್ಕೆ ಬಡಿಯುವಂತಿರಬಾರದು.

3. ಫ್ರೈಯರ್ ಎದುರಿಗೆ ಬೇಡವೇ ಬೇಡ. ಎಣ್ಣೆಯ ಆವಿ ಹೆಪಾ ಮಡಿಕೆಗಳ ಮೇಲೆ ಜಿಡ್ಡಾಗಿ ಕೂತರೆ ಯಾವ ವ್ಯಾಕ್ಯೂಮ್‌ಗೂ ಬರುವುದಿಲ್ಲ. ಅಲ್ಲಿ ಬೇಕಿರುವುದು ಚಿಮಣಿ ಹುಡ್ ಮತ್ತು ತೊಳೆಯಬಹುದಾದ ಗ್ರೀಸ್ ಫಿಲ್ಟರ್.

4. ಫಿಲ್ಟರ್ ಚೌಕಟ್ಟಿನ ಮೇಲಿನ ಬಾಣ ಫ್ಯಾನ್ ಕಡೆಗೆ ಗಾಳಿ ಹರಿಯುವ ದಿಕ್ಕಿನಲ್ಲಿರಬೇಕು. ಹಾಕಿದ ಮೇಲೆ ಅಂಚಿನಲ್ಲಿ ಬೆರಳಾಡಿಸಿ ನೋಡಿ; ಸಂದಿ ಇದ್ದರೆ ಗಾಳಿ ಅಲ್ಲಿಂದಲೇ ಜಾರುತ್ತದೆ. ಫೋಮ್ ಪಟ್ಟಿ ಅಂಟಿಸಿ ಮುಚ್ಚಿ. ತೆಗೆದ ಹಳೆಯ ಫಿಲ್ಟರ್‌ನ ಹಿಂದೆ ಚೌಕಟ್ಟಿನ ಅಂಚಿಗೆ ಕಪ್ಪು ಗೆರೆ ಕಂಡರೆ ಅದು ಸೋರಿಕೆಯ ಗುರುತು.

ಸ್ಪ್ಲಿಟ್ ಎ.ಸಿ.ಯ ಜಾಳಿಗೆ ಹೊಗೆಯನ್ನು ಹಿಡಿಯುವುದಿಲ್ಲ. ಅದರ ಮೇಲೆ ದಪ್ಪ ಫಿಲ್ಟರ್ ಅಂಟಿಸಿದರೆ ಗಾಳಿ ಕಡಿಮೆಯಾಗಿ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಕರಗಿ ಮೇಜಿನ ಮೇಲೆ ತೊಟ್ಟಿಕ್ಕುತ್ತದೆ. ಡಕ್ಟ್ ಎ.ಸಿ.ಗೂ ಮರ್ವ್ 13 ಹಾಕುವ ಮೊದಲು ಬ್ಲೋವರ್ ಅಷ್ಟು ತಡೆಯನ್ನು ತಾಳುತ್ತದೆಯೇ ಎಂದು ಮೆಕ್ಯಾನಿಕ್‌ನಿಂದ ಅಳೆಸಿ. 2 ಅಂಗುಲ ಇಲ್ಲವೇ 4 ಅಂಗುಲ ದಪ್ಪದ ಫಿಲ್ಟರ್ ಕೂರಿಸಲು ಜಾಗವಿದ್ದರೆ ತಡೆ ಕಡಿಮೆ, ಬಾಳಿಕೆ ಹೆಚ್ಚು.

ಕೈ ಬಿಗಿ ಇರುವವರಿಗೆ ಕೋರ್ಸಿ–ರೋಸೆಂತಾಲ್ ಪೆಟ್ಟಿಗೆ ಇದೆ: 20 ಅಂಗುಲದ ಚೌಕ ಫ್ಯಾನ್, ನಾಲ್ಕು ಬದಿಗೆ 20 ಅಂಗುಲದ ಮರ್ವ್ 13 ಫಿಲ್ಟರ್‌ಗಳು, ತಳಕ್ಕೆ ರಟ್ಟು, ಸುತ್ತ ಡಕ್ಟ್ ಟೇಪ್. ಬಾಣಗಳು ಒಳಮುಖ, ಫ್ಯಾನ್ ಗಾಳಿ ಮೇಲಕ್ಕೆ. ಫ್ಯಾನ್‌ನ ಮೂಲೆಗಳನ್ನು ರಟ್ಟಿನಿಂದ ಮುಚ್ಚಿ, ರೆಕ್ಕೆ ತಿರುಗುವ ವೃತ್ತವನ್ನಷ್ಟೇ ತೆರೆದಿಡಿ. ಇಲ್ಲದಿದ್ದರೆ ಮೂಲೆಗಳಿಂದ ಗಾಳಿ ವಾಪಸು ಒಳಗಿಳಿಯುತ್ತದೆ. ನೋಡಲು ಚೆಂದವಲ್ಲ, ಕೆಲಸ ಚೆನ್ನಾಗಿ ಮಾಡುತ್ತದೆ. ಮೇಣದಬತ್ತಿ ಮತ್ತು ಚೆಲ್ಲುವ ಗ್ಲಾಸುಗಳಿಂದ ದೂರವಿರಲಿ.

ನಡೆಸುವುದು, ಅಳೆಯುವುದು

ಗಂಟೆಗೆ 6 ಸಲ ಸೋಸುವ ವ್ಯವಸ್ಥೆ ಹೊಸ ಹೊಗೆ ಬರದಿದ್ದರೆ ಅರ್ಧ ಗಂಟೆಯಲ್ಲಿ ಶೇ 95ರಷ್ಟು ಕಣಗಳನ್ನು ತೆಗೆಯುತ್ತದೆ, ಶೇ 99ಕ್ಕೆ ಮುಕ್ಕಾಲು ಗಂಟೆ. ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲೇ ಹಾಕಿ, ಮುಚ್ಚಿದ ಮೇಲೆ ಒಂದು ಗಂಟೆ ಬಿಡಿ. ಆಟೋ ಮೋಡ್ ನೆಚ್ಚಬೇಡಿ. ಅದರ ಸೆನ್ಸರ್ ಯಂತ್ರದ ಪಕ್ಕದ ಗಾಳಿಯನ್ನಷ್ಟೇ ನೋಡುತ್ತದೆ, ಹಾಲ್‌ನ ಆ ತುದಿಯ ಹೊಗೆ ಅದಕ್ಕೆ ಕಾಣದು.

ಒಂದು ಪಿಎಂ 2.5 ಮೀಟರ್ (2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳನ್ನು ಅಳೆಯುವುದು), ಒಂದು ಎನ್‌ಡಿಐಆರ್ ಮಾದರಿಯ, ಅಂದರೆ ಅವಗೆಂಪು ಬೆಳಕಿನಿಂದ ಅಳೆಯುವ ಕಾರ್ಬನ್ ಡೈಆಕ್ಸೈಡ್ ಮೀಟರ್ ಸಾಕು. ಕೂತವರ ಮೂಗಿನ ಎತ್ತರದಲ್ಲಿ, ಯಾರ ಉಸಿರೂ ನೇರವಾಗಿ ತಾಗದ ಕಡೆ ಇಡಿ. ಜನ ತುಂಬಿದಾಗ ಕಾರ್ಬನ್ ಡೈಆಕ್ಸೈಡ್ 1,000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ದಾಟಿ ಏರುತ್ತಲೇ ಇದ್ದರೆ ಹೊರಗಿನ ಗಾಳಿ ಸಾಲುತ್ತಿಲ್ಲ. ಪಿಎಂ ಹೆಚ್ಚಿದ್ದು ಕಾರ್ಬನ್ ಡೈಆಕ್ಸೈಡ್ ಕಡಿಮೆ ಇದ್ದರೆ ಫಿಲ್ಟರ್ ಸಾಲದು, ಇಲ್ಲವೇ ಹೊರಗಿನ ಗಾಳಿಯೇ ಕೊಳಕು. ವೇದಿಕೆಯ ಫಾಗ್ ಮೆಷಿನ್ ಹಾಕಿದ ರಾತ್ರಿಯ ಅಂಕಿ ನೋಡಿ ಗಾಬರಿಯಾಗಬೇಡಿ. ಆ ಮಂಜಿನ ಹನಿಗಳನ್ನೂ ಮೀಟರ್ ಕಣವೆಂದೇ ಎಣಿಸುತ್ತದೆ. ಆದರೆ ಅದೇ ಹನಿಗಳು ಫಿಲ್ಟರ್ ಅನ್ನೂ ಬೇಗ ಕಟ್ಟಿಸುತ್ತವೆ.

ಬಿಯರ್ ಕೆಗ್ (ಪೀಪಾಯಿ) ಇಡುವ ಕೋಣೆಗೆ ಪ್ಯೂರಿಫೈಯರ್ ಉಪಯೋಗವಿಲ್ಲ. ಬಿಯರ್ ತಳ್ಳುವ ಗ್ಯಾಸ್ ಸಿಲಿಂಡರ್ ಸೋರಿದರೆ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ತುಂಬುತ್ತದೆ, ವಾಸನೆಯೂ ಇಲ್ಲ. ಅಲ್ಲಿ ನೆಲದಿಂದ ಒಂದು ಅಡಿ ಎತ್ತರದಲ್ಲಿ ಅಲಾರಂ ಹಾಕಿಸಿ. ಅದರ ದೀಪ ಬಾಗಿಲ ಹೊರಗೇ ಕಾಣುವಂತಿರಲಿ.

ಫಿಲ್ಟರ್ ಬದಲಿಸುವಾಗ

ಮುಂದಿನ ಜಾಳಿಗೆಯನ್ನು ವಾರಕ್ಕೊಮ್ಮೆ ವ್ಯಾಕ್ಯೂಮ್ ಮಾಡಿ. ಹೆಪಾವನ್ನು ತೊಳೆಯಬೇಡಿ, ನೀರು ತಾಗಿದರೆ ನಾರು ಹಾಳಾಗುತ್ತದೆ. ಡಬ್ಬದ ಮೇಲಿನ ‘12 ತಿಂಗಳು’ ಮನೆಯ ಲೆಕ್ಕ, ಬಾರ್‌ಗೆ ಹೊಂದುವುದಿಲ್ಲ. ಡಕ್ಟ್ ವ್ಯವಸ್ಥೆಯಲ್ಲಿ ಫಿಲ್ಟರ್‌ನ ಎರಡು ಬದಿಗೆ ಒತ್ತಡದ ಮೀಟರ್ ಕೂರಿಸಿದರೆ ಊಹೆಯ ಕೆಲಸವಿಲ್ಲ: ಹೊಸದಾಗಿದ್ದಾಗಿನ ಅಂಕಿ ಎರಡರಷ್ಟಾದರೆ ಬದಲಿಸಿ. ಬದಲಿಸುವುದು ಬಾರ್ ಮುಚ್ಚಿದ ಮೇಲೆ, ನೆಲ ಗುಡಿಸುವ ಮೊದಲು. ಯಂತ್ರದ ಪ್ಲಗ್ ತೆಗೆದು, ಮಾಸ್ಕ್ ಹಾಕಿಕೊಂಡು, ಹಳೆಯದನ್ನು ಕೊಡವದೆ ಅಲ್ಲೇ ಚೀಲಕ್ಕಿಳಿಸಿ ಬಾಯಿ ಕಟ್ಟಿ. ಹೊಸದರ ಚೌಕಟ್ಟಿನ ಮೇಲೆ ಹಾಕಿದ ತಾರೀಖು ಮತ್ತು ಮೊದಲ ದಿನದ ಒತ್ತಡದ ಅಂಕಿ ಬರೆದಿಡಿ. ಮುಂದಿನ ಬದಲಾವಣೆಗೆ ಹೋಲಿಸಬೇಕಾದದ್ದು ಅದನ್ನೇ.