ಸಾಬೂನಿಗೆ ನಾನು ಗ್ಲಿಸರಿನ್ ಹಾಕುವುದಿಲ್ಲ

"ಗ್ಲಿಸರಿನ್ ಎಷ್ಟು ಚಮಚ ಹಾಕ್ತೀರಿ?" ಮನೆಯಲ್ಲೇ ಸಾಬೂನು ಮಾಡ್ತೀನಿ ಅಂದರೆ ಸಾಕು, ಕಲಬುರಗಿಯ ನಮ್ಮ ಓಣಿಯಲ್ಲಿ ಎಲ್ಲರೂ ಕೇಳುವುದು ಇದನ್ನೇ. ಒಂದು ಚಮಚವೂ ಹಾಕುವುದಿಲ್ಲ. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದಾಗ ಸಾಬೂನಿನ ಜೊತೆಗೇ ಗ್ಲಿಸರಿನ್ ತಾನಾಗಿ ಹುಟ್ಟುತ್ತದೆ. ದೊಡ್ಡ ಕಾರ್ಖಾನೆಗಳು ಸಾಮಾನ್ಯವಾಗಿ ಉಪ್ಪುನೀರು ಬಳಸಿ ಅದನ್ನು ಬೇರೆ ಮಾಡಿ ಮಾರಿಕೊಳ್ಳುತ್ತವೆ. ಮನೆಯ ಸಾಬೂನಿನಲ್ಲಿ ಅದು ಒಳಗೇ ಉಳಿಯುತ್ತದೆ.

ನನ್ನ ಅಳತೆ ಹೀಗಿದೆ: ಕೊಬ್ಬರಿ ಎಣ್ಣೆ 250 ಗ್ರಾಂ, ಗಾಣದ ಕುಸುಬೆ ಎಣ್ಣೆ 200, ಹರಳೆಣ್ಣೆ 50, ಕಾಸ್ಟಿಕ್ ಸೋಡಾ 75, ನೀರು 150. ಇಷ್ಟರಲ್ಲೇ 55 ಗ್ರಾಂಗಿಂತ ಜಾಸ್ತಿ ಗ್ಲಿಸರಿನ್ ಆಗುತ್ತದೆ! ಸೋಡಾ ಬೇಕೆಂದೇ ತುಸು ಕಡಿಮೆ ಇಟ್ಟಿದ್ದೇನೆ, ಸ್ವಲ್ಪ ಎಣ್ಣೆ ಹಾಗೇ ಉಳಿಯಲಿ ಅಂತ. ಕುಸುಬೆ ನಮ್ಮ ಕಡೆಯ ಎಣ್ಣೆ ನಿಜ, ಆದರೆ ಅದೊಂದರಲ್ಲೇ ಮಾಡಿದರೆ ಸಾಬೂನು ಮೆತ್ತಗಾಗುತ್ತದೆ, ಬೇಗ ಕಮಟು ವಾಸನೆ ಬರುತ್ತದೆ. ನಮ್ಮ ಬೋರ್ ನೀರಿನಲ್ಲಿ ನೊರೆ ಬರಬೇಕಾದರೆ ಕೊಬ್ಬರಿ ಎಣ್ಣೆ ಬೇಕೇ ಬೇಕು.

ಸೋಡಾ ಕಲಸುವುದು ಮಾಳಿಗೆ ಮೇಲೆ, ಕೈಗವಸು, ಕನ್ನಡಕ ಹಾಕಿಕೊಂಡು, ಮಕ್ಕಳನ್ನು ಕೆಳಗೆ ಕಳಿಸಿ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಲೇಬಾರದು, ಸಿಡಿಯುತ್ತದೆ. ಪಾತ್ರೆ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ ಆದರೆ ಸೋಡಾ ಅದನ್ನೇ ತಿಂದು ಹೈಡ್ರೋಜನ್ ಬಿಡುತ್ತದೆ. ಕಲಸುತ್ತಿದ್ದ ಹಾಗೇ ಪಾತ್ರೆ ಮುಟ್ಟಲಾಗದಷ್ಟು ಕಾಯುತ್ತದೆ, ಘಾಟು ಮೂಗಿಗೆ ಹೊಡೆಯುತ್ತದೆ. ಅದು ಉಗುರುಬೆಚ್ಚಗಾದ ಮೇಲೆ ಎಣ್ಣೆಗೆ ಸುರಿದು ಕಡೆಯುತ್ತೇನೆ. ಕಡೆಗೋಲು ಎತ್ತಿದಾಗ ಬಿದ್ದ ಗೆರೆ ಮುಳುಗದೆ ಮೇಲೇ ನಿಂತರೆ ಅಚ್ಚಿಗೆ ಹಾಕುವ ಹೊತ್ತು. ಮರುದಿನ ಕತ್ತರಿಸಿ, ನಾಲ್ಕರಿಂದ ಆರು ವಾರ ನೆರಳಲ್ಲಿ ಒಣಗಿಸಬೇಕು. ಇಲ್ಲಿ ಅವಸರ ಬೇಡ.

ಮೇಲಿಂದ ಮತ್ತೆ ಗ್ಲಿಸರಿನ್ ಸುರಿದರೆ ಸಾಬೂನು ಬೇಗ ಕರಗುತ್ತದೆ ಅಷ್ಟೇ. ಬಾಟಲಿ ತಂದಿದ್ದರೆ ನೇರ ಮೈಗೇ ಹಚ್ಚಿಕೊಳ್ಳಿ. ಆದರೆ ಒಣ ಮೈಗಲ್ಲ. ಗ್ಲಿಸರಿನ್ ಎಲ್ಲಿಂದಲಾದರೂ ನೀರು ಎಳೆಯುವ ವಸ್ತು. ನಮ್ಮ ಚಳಿಗಾಲದ ಒಣ ಗಾಳಿಯಲ್ಲಿ ಅದಕ್ಕೆ ನೀರೆಲ್ಲಿ ಸಿಗಬೇಕು? ಚರ್ಮದ ಒಳಗಿನದನ್ನೇ ಎಳೆಯುತ್ತದೆ. ಸ್ನಾನವಾದ ಕೂಡಲೇ, ಮೈ ಒದ್ದೆ ಇರುವಾಗಲೇ, ಒಂದು ಪಾಲು ಗ್ಲಿಸರಿನ್‌ಗೆ ಮೂರು ಪಾಲು ಗುಲಾಬ್ ಜಲ ಬೆರೆಸಿ ಹಚ್ಚುತ್ತೇನೆ. ಒಡೆದ ಹಿಮ್ಮಡಿಗೆ ಇದರ ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆ.

ಗ್ಲಿಸರಿನ್ ಮೆಡಿಕಲ್ ಶಾಪಿನದೇ ಇರಲಿ, ಲೇಬಲ್ ಮೇಲೆ 'ಐಪಿ' (ಇಂಡಿಯನ್ ಫಾರ್ಮಾಕೋಪಿಯಾ, ಅಂದರೆ ಔಷಧಿ ಗುಣಮಟ್ಟದ್ದು) ಅಂತ ಇರಬೇಕು. 1986ರಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಔಷಧಿಯಾಗಿ ಕೊಟ್ಟ ಕಲಬೆರಕೆ ಗ್ಲಿಸರಿನ್ ಕುಡಿದು ರೋಗಿಗಳು ಸತ್ತಿದ್ದರು. ಹಚ್ಚುವುದಕ್ಕೇ ಆದರೂ ಬಿಡಿಯಾಗಿ ಮಾರುವುದನ್ನು ನಾನು ತರುವುದಿಲ್ಲ.

ಮಳೆಗಾಲದಲ್ಲಿ ಸಾಬೂನಿನ ಮೇಲೆ ಹನಿ ಹನಿ ಕಾಣುತ್ತದೆ. ಕೆಟ್ಟಿಲ್ಲ, ಗ್ಲಿಸರಿನ್ ಗಾಳಿಯ ತೇವ ಎಳೆದಿದೆ. ಒರೆಸಿ ಡಬ್ಬಿಗೆ ಹಾಕಿಡಿ.