‘ವಿಟಮಿನ್ ಗುಳಿಗೆ ನುಂಗಿದ್ರೆ ಕ್ಯಾನ್ಸರ್ ಬರಲ್ಲ’ ಅನ್ನೋ ಸುದ್ದಿ ಓದೋದು ಹೇಗೆ?

ಬಳ್ಳಾರಿಯಲ್ಲಿ ಸಂಜೆ ಹೊತ್ತು ಮೆಡಿಕಲ್ ಶಾಪ್ ಮುಂದೆ ಸ್ವಲ್ಪ ನಿಂತು ನೋಡಿ, ಡಾಕ್ಟರ ಚೀಟಿ ಇಲ್ಲದೆ ‘ಶಕ್ತಿ ಗುಳಿಗೆ ಕೊಡ್ರಿ’ ಅನ್ನುವವರು ಬಂದೇ ಬರುತ್ತಾರೆ. ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ‘ವಿಟಮಿನ್‌ನಿಂದ ಕ್ಯಾನ್ಸರ್ ದೂರ, ಸಂಶೋಧನೆ ಹೇಳಿದೆ’ ಅಂತ ಬೇರೆ. ಅಂಥದ್ದು ಬಂದಾಗ ಮೊದಲು ಇದನ್ನು ಕೇಳಿ: ಗುಳಿಗೆ ಕೊಟ್ಟು ಪರೀಕ್ಷೆ ಮಾಡಿದ್ದಾರಾ, ಇಲ್ಲ ಜನ ಏನು ತಿಂತಾರೆ ಅಂತ ಸುಮ್ನೆ ಬರೆದುಕೊಂಡಿದ್ದಾರಾ?

ಬೀಟಾ ಕ್ಯಾರೊಟಿನ್ ಕಥೆ ನೋಡಿ. ಇದು ಸೊಪ್ಪು, ತರಕಾರಿಯಲ್ಲಿ ಇರುವ, ನಮ್ಮ ದೇಹದಲ್ಲಿ ವಿಟಮಿನ್ ಎ ಆಗುವ ವಸ್ತು. ಸೊಪ್ಪು, ತರಕಾರಿ ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಮೊದಲು ಕಂಡಿತ್ತು. ಆದರೆ ದಿನಾ ರೊಟ್ಟಿ ಜೊತೆ ಪುಂಡಿಪಲ್ಲೆ ತಿನ್ನುವ ಮನುಷ್ಯ ಬೀಡಿ ಸೇದದವನೂ ಆಗಿರಬಹುದು, ಅಲ್ವಾ? ಲಾಭ ಪಲ್ಲೆಯದ್ದೋ, ಬೀಡಿ ಮುಟ್ಟದ್ದಕ್ಕೋ? ಅದಕ್ಕೇ ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಕೆಲವರಿಗೆ ಔಷಧಿಯೇ ಇಲ್ಲದ ಸುಳ್ಳು ಗುಳಿಗೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ! ಅಮೆರಿಕದಲ್ಲಿ ಸಿಗರೇಟು ಸೇದುವವರು, ಕಲ್ನಾರಿನ (ಆಸ್ಬೆಸ್ಟಾಸ್) ಧೂಳು ಕುಡಿದವರ ಮೇಲೆ ನಡೆದ ಇನ್ನೊಂದು ಪ್ರಯೋಗವನ್ನಂತೂ 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿಬಿಟ್ಟರು.

ಇನ್ನು ಶೇಕಡಾ ಲೆಕ್ಕ. ಜನ ಎಡವುವುದು ಇಲ್ಲೇ. ದಿನಾ 400 ಯೂನಿಟ್ ವಿಟಮಿನ್ ಇ ನುಂಗಿದ ಗಂಡಸರಲ್ಲಿ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ 17% ಜಾಸ್ತಿ ಅಂತ 2011ರಲ್ಲಿ ಗೊತ್ತಾಯಿತು. ಅಂದರೆ ನೂರರಲ್ಲಿ ಹದಿನೇಳು ಜನಕ್ಕೆ ಬಂತು ಅಂತಲ್ಲ. ಸುಳ್ಳು ಗುಳಿಗೆಯವರಲ್ಲಿ ನೂರಕ್ಕೆ ಸುಮಾರು 6, ವಿಟಮಿನ್ ಇ ನುಂಗಿದವರಲ್ಲಿ ಸುಮಾರು 7, ಅಂದರೆ ನೂರಕ್ಕೆ ಒಬ್ಬ ಜಾಸ್ತಿ. ಒಳ್ಳೆಯದಾಗಲಿ ಅಂತ ಕೊಟ್ಟ ಗುಳಿಗೆ ಆ ಒಬ್ಬನಿಗೆ ಕ್ಯಾನ್ಸರ್ ತಂದಿದ್ದು ಸಣ್ಣ ಮಾತಲ್ಲ, ಆದರೆ ಹೆಡ್‌ಲೈನ್ ಹೆದರಿಸಿದಷ್ಟು ದೊಡ್ಡದೂ ಅಲ್ಲ. ಒಳ್ಳೆ ಸುದ್ದಿಗೂ ಇದೇ ತಕ್ಕಡಿ ಹಿಡಿಯಿರಿ: 2012ರಲ್ಲಿ ‘ಮಲ್ಟಿವಿಟಮಿನ್‌ನಿಂದ ಕ್ಯಾನ್ಸರ್ 8% ಕಡಿಮೆ’ ಅಂತ ಬಂತಲ್ಲ, ಅದು ವರ್ಷಕ್ಕೆ ಸಾವಿರ ಜನರಲ್ಲಿ 18.3 ಇದ್ದದ್ದು 17ಕ್ಕೆ ಇಳಿದ ಲೆಕ್ಕ. ಅದೂ ಅಮೆರಿಕದ, 50 ದಾಟಿದ ಗಂಡು ಡಾಕ್ಟರುಗಳಲ್ಲಿ. ತೋರಣಗಲ್ಲಿನ ಮೂವತ್ತರ ಹೆಣ್ಣುಮಗಳಿಗೆ ಅದು ಹಾಗೇ ಹೊಂದುತ್ತದೆ ಅಂತ ಹೇಳೋಕಾಗಲ್ಲ.

ಇದನ್ನೋದಿ ಡಾಕ್ಟರ್ ಬರೆದುಕೊಟ್ಟಿದ್ದನ್ನು ಬಿಟ್ಟುಬಿಡಬೇಡಿ ಮತ್ತೆ. ಬಸುರಿಯರಿಗೆ ಫೋಲಿಕ್ ಆಸಿಡ್ ಕೊಡುವ ಕಾರಣವೇ ಬೇರೆ. ಬೀಡಿ, ಸಿಗರೇಟು ಸೇದುವವರು ಮಾತ್ರ ಮನೆಯಲ್ಲಿರುವ ಡಬ್ಬಿ ತಿರುಗಿಸಿ, ಬೀಟಾ ಕ್ಯಾರೊಟಿನ್ ಅಂತ ಬರೆದಿದ್ದರೆ ಡಾಕ್ಟರಿಗೆ ತೋರಿಸಿ.